ಬೂಟು ಒಳಗೋ ಹೊರಗೋ

ಸಿಂಗಾಪುರದಲ್ಲಿ ಮನೆ ರಿಪೇರಿ ಮಾಡಿಕೊಡುವ ಕಂಪನಿಯೊಂದರಲ್ಲಿ ನಾನು ಸೇಫ್ಟಿ ಸೂಪರ್‌ವೈಸರ್. ಕೆಲಸಗಾರರಿಗೆ ಪೆಟ್ಟಾಗದ ಹಾಗೆ ನೋಡಿಕೊಳ್ಳಬೇಕು. ಅಂದರೆ ದಿನವಿಡೀ ಎಲ್ಲರಿಗೂ ‘ಬೇಡ’ ಅನ್ನುತ್ತಿರಬೇಕು. ಆದರೂ ಈ ಕೆಲಸದಲ್ಲಿ ನಗುವಿಗೆ ಬರವಿಲ್ಲ. ಬಿಶಾನ್ ಬಡಾವಣೆಯ ಮೈಸೂರಿನವರೊಬ್ಬರ ಫ್ಲ್ಯಾಟಿನಲ್ಲಂತೂ ಹೋದಾಗಲೆಲ್ಲ ಒಂದು ತಮಾಷೆ.

ಬಾಗಿಲಲ್ಲೇ ಜಗಳ

ಹಾಲ್‌ಗೆ ಹೊಸ ಟೈಲ್ಸ್ ಹಾಕಬೇಕಿತ್ತು. ಮೇಸ್ತ್ರಿ ಹೊಸೂರಿನವರು, ಕನ್ನಡ ಸಲೀಸು. ಅವರು ಹೊಸ್ತಿಲಿಗೆ ಬರುತ್ತಿದ್ದಂತೆ ಮನೆಯ ಆಂಟಿ ಕೈ ಅಡ್ಡ ಹಿಡಿದರು.

“ಬೂಟು ಆಚೆ ಬಿಡಿ. ಎದುರಿಗೇ ದೇವರ ಮನೆ ಇದೆ.”

“ಆಂಟಿ, ಟೈಲ್ ಬಿದ್ರೆ ಕಾಲ್ಬೆರಳೇ ಹೋಗತ್ತೆ. ಸೇಫ್ಟಿ ಬೂಟಿಲ್ದೆ ಕೆಲಸ ಮಾಡೋ ಹಾಗಿಲ್ಲ,” ಅಂದೆ.

“ಹಾಗಾದ್ರೆ ಹಾಕ್ಕೊಳ್ಲಿ. ಆದ್ರೆ ನನ್ನ ನೆಲದ ಮೇಲೆ ಕಾಲಿಡೋದು ಬೇಡ.”

ಮೇಸ್ತ್ರಿ ನನ್ನ ಕಡೆ ತಿರುಗಿದರು. “ಮೇಡಂ, ಟೈಲ್ಸ್ ನೆಲಕ್ಕಾ, ಸೀಲಿಂಗಿಗಾ?”

ಕನ್ನಡಕ

ದೇವರ ಮನೆಗೆ ಪರದೆ ಎಳೆದು ರಾಜಿಯಾಯಿತು. ಮುಂದಿನ ಸಲ ಹೋದಾಗ ಮೇಸ್ತ್ರಿ ಮೆಷಿನ್ನಿನಲ್ಲಿ ಟೈಲ್ ಕತ್ತರಿಸುತ್ತಿದ್ದರು. ಚೂರು ಹಾರುತ್ತಿತ್ತು, ಕಣ್ಣಿಗೆ ಹಾಕಬೇಕಾದ ಗಾಗಲ್ಸ್ ಹಣೆಯ ಮೇಲಿತ್ತು.

“ಗಾಗಲ್ಸ್ ಎಲ್ರೀ?”

“ಇದೆಯಲ್ಲಾ ಮೇಡಂ,” ಅಂತ ಹಣೆ ಮುಟ್ಟಿ ತೋರಿಸಿದರು.

ಬೈದು ಅಡುಗೆಮನೆಗೆ ಹೋದರೆ, ನಾನು ತಂದಿಟ್ಟಿದ್ದ ಇನ್ನೊಂದು ಗಾಗಲ್ಸ್ ಹಾಕಿಕೊಂಡು ಆಂಟಿ ಈರುಳ್ಳಿ ಹೆಚ್ಚುತ್ತಿದ್ದಾರೆ. “ಒಂದು ಹನಿ ನೀರು ಬರ್ಲಿಲ್ಲ ಕಣಮ್ಮ!” ಆ ಮನೆಯಲ್ಲಿ ನನ್ನ ಮಾತು ಕೇಳಿದವರು ಅವರೊಬ್ಬರೇ.

ಮಂಗಳಾರತಿ

ಆಯುಧಪೂಜೆಯ ಹಿಂದಿನ ದಿನ ಮೇಸ್ತ್ರಿಯ ಕೈ ಜಾರಿ ದೊಡ್ಡ ಟೈಲೊಂದು ನೇರ ಕಾಲ ಮೇಲೆ ಬಿತ್ತು. ತಕ್ಷಣ ಕೂರಿಸಿ ಬೂಟು ಬಿಚ್ಚಿಸಿದೆ. ಬೆರಳುಗಳೆಲ್ಲ ಸರಿಯಾಗಿದ್ದವು, ಬೂಟಿಗೆ ಮಾತ್ರ ಒಂದು ಗೀರು. ಈ ಸಲ ಆಂಟಿಯ ಕಣ್ಣಲ್ಲಿ ಈರುಳ್ಳಿ ಇಲ್ಲದೆಯೇ ನೀರು ಬಂತು.

“ಅವತ್ತು ನಾನು ಬಿಚ್ಚಿಸಿಬಿಟ್ಟಿದ್ರೆ ಇವ್ರ ಗತಿ ಏನಮ್ಮಾ!”

ಸದ್ಯ, ಬೂಟಿನ ರಗಳೆ ಮುಗಿಯಿತು ಅಂತ ಹಿಗ್ಗಿದೆ. ಹಬ್ಬಕ್ಕೆಂದು ಆಂಟಿ ಕೆಲಸಕ್ಕೆ ರಜೆ ಹೇಳಿದ್ದರಿಂದ ಮೇಸ್ತ್ರಿ ಸಾಮಾನು, ಬೂಟು ಎಲ್ಲ ಅಲ್ಲೇ ಬಿಟ್ಟು ಹೋದರು.

ಹಬ್ಬ ಕಳೆದು ಹೋಗಿ ನೋಡುತ್ತೇನೆ, ಮೇಸ್ತ್ರಿ ಬರಿಗಾಲಲ್ಲಿ ಟೈಲ್ಸ್ ಹೊರುತ್ತಿದ್ದಾರೆ!

“ಬೂಟೆಲ್ರೀ?” ಅಂತ ರೇಗಿದೆ.

ಅವರು ಭಕ್ತಿಯಿಂದ ದೇವರ ಮನೆಯ ಕಡೆ ಕೈ ಮುಗಿದರು. ಒಳಗೆ ಟೈಲ್ ಮೆಷಿನ್ನಿನ ಪಕ್ಕದಲ್ಲಿ ಬೂಟುಗಳು ಅರಿಶಿನ ಕುಂಕುಮ ಇಟ್ಟುಕೊಂಡು, ಚೆಂಡು ಹೂವು ಮುಡಿದು ಕೂತಿದ್ದವು.

“ಆಂಟಿ ಪೂಜೆ ಮಾಡ್ಬಿಟ್ಟಿದ್ದಾರೆ ಮೇಡಂ. ಮಂಗಳಾರತಿನೂ ಆಗಿದೆಯಂತೆ. ಈಗ ಅದರೊಳಗೆ ಹೇಗೆ ಕಾಲಿಡ್ಲಿ?”

ಕೆಲಸ ನಿಲ್ಲಿಸಿ, ಓಡಿಹೋಗಿ ಹೊಸ ಜೊತೆ ತಂದೆ. ಮೇಸ್ತ್ರಿ ಇನ್ನೇನು ಕಾಲು ತೂರಿಸಬೇಕು, ಆಂಟಿ ಕುಂಕುಮದ ಬಟ್ಟಲು ಹಿಡಿದು ಓಡಿಬಂದರು. “ಒಂದು ನಿಮಿಷ ತಾಳಿ, ಇದಕ್ಕೂ ಇಟ್ಟುಬಿಡ್ತೀನಿ!”

ಇಷ್ಟು ವರ್ಷದ ನೌಕರಿಯಲ್ಲಿ ನಾನು ಅಷ್ಟು ಜೋರಾಗಿ ‘ಬೇಡ’ ಅಂದದ್ದೇ ಇಲ್ಲ.