ಅವ್ವ ಬೆಕ್ಕಾದ ಸಂಜೆ

ಶಕುನ ನಂಬುವವರಿಗಿಂತ ನಂಬದವರ ಪಾಡೇ ಕಷ್ಟ. ನಂಬುವವರು ಬೆಕ್ಕು ಅಡ್ಡ ಬಂದರೆ ರಾಜಾರೋಷವಾಗಿ ನಿಂತುಬಿಡುತ್ತಾರೆ. ನನ್ನಂಥವರು ನಿಲ್ಲುವುದಕ್ಕೂ ಒಂದು ನೆಪ ಹುಡುಕಬೇಕು. ನಾನು ಪಿರಿಯಾಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಬೆಟ್ಟದಪುರದಿಂದ ಸ್ಕೂಟರಿನಲ್ಲಿ ಹೋಗುವಾಗ ಬೆಕ್ಕು ಅಡ್ಡ ಹಾದರೆ ಇಳಿದು ಹಿಂದಿನ ಚಕ್ರದ ಗಾಳಿ ಒತ್ತಿ ನೋಡುತ್ತೇನೆ. ಅಷ್ಟರಲ್ಲಿ ಬೇರೆ ಯಾರೋ ಒಬ್ಬರು ಆ ಜಾಗ ದಾಟಿ ಹೋಗಿ, ಬರುವ ಕೇಡನ್ನೆಲ್ಲ ತಮ್ಮ ತಲೆಯ ಮೇಲೆ ಹಾಕಿಕೊಂಡಿರುತ್ತಾರೆ. "ದಿನಾ ಗಾಳಿ ನೋಡ್ತೀರಲ್ಲ ಮೇಷ್ಟ್ರೇ, ಟ್ಯೂಬೇ ಬದಲಾಯಿಸ್ಬುಡಿ" ಎಂದು ಪಂಕ್ಚರ್ ಅಂಗಡಿಯವನು ಹೇಳಿದ. ಬದಲಾಯಿಸಿದೆ. ಬೆಕ್ಕುಗಳು ಹಾಗೇ ಇವೆ.

ನಮ್ಮವ್ವನಿಗೆ ಈ ನಾಟಕವೆಲ್ಲ ಇಲ್ಲ. ಅವಳು ನಂಬುತ್ತಾಳೆ, ನಂಬುತ್ತೇನೆ ಎಂದು ಬಾಯಿಬಿಟ್ಟು ಹೇಳುತ್ತಾಳೆ. ಹಾಗಾಗಿ ನನ್ನ ಮಗಳು ಸಿಂಚನ ಪಕ್ಕದವರು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲಿ ತಾಯಿ ಬಿಟ್ಟುಹೋದ ಬೆಕ್ಕಿನ ಮರಿಯೊಂದನ್ನು ಕಂಡು, ಲಂಗದಲ್ಲಿ ಸುತ್ತಿಕೊಂಡು ಮನೆಗೆ ತಂದಾಗ ಗಲಾಟೆ ಆಗದೆ ಇರಲಿಲ್ಲ. "ಬಾಗ್ಲಲ್ಲೇ ಬೆಕ್ಕಿದ್ರೆ ನಿಮ್ಮಪ್ಪ ಒಂದ್ ಕೆಲ್ಸಕ್ಕೂ ಆಚೆ ಓಗಂಗಿಲ್ಲ ಕಣವ್ವ" ಎಂದಳು ಅವ್ವ. ಸಿಂಚನ ಕಣ್ಣು ತುಂಬಿಕೊಂಡು ನನ್ನ ಕಡೆ ನೋಡಿದಳು. ಆದರೂ "ಮನೆಗೆ ದೊಡ್ಡವರು ಅಜ್ಜಿ, ಅವರು ಹೇಳಿದಂತೆ ಆಗಲಿ" ಎಂದು ಜಾರಿಕೊಂಡೆ. ಅವ್ವ ದೊಡ್ಡವಳು ಎಂಬುದು ನನಗೆ ಇಂಥ ಹೊತ್ತಿನಲ್ಲೇ ನೆನಪಾಗುತ್ತದೆ. ಮಿರ್ಲೆಯಲ್ಲಿ ಅಕ್ಕಿ ಗಿರಣಿ ನಡೆಸುವ ನನ್ನ ಭಾಮೈದ ಸೋಮವಾರ ಬಂದು ಮರಿಯನ್ನು ಇಲಿ ಹಿಡಿಯುವುದಕ್ಕೆ ಒಯ್ಯುವುದು ಎಂದು ತೀರ್ಮಾನವಾಯಿತು. ಆ ಮರಿಯೋ ಇಲಿಗಿಂತ ಸಣ್ಣದು. ಗಿರಣಿಯ ಇಲಿಗಳು ಅದನ್ನು ಸಾಕಿಕೊಳ್ಳಬೇಕಿತ್ತು, ಅಷ್ಟೆ.

ಅದೇ ಭಾಮೈದ, ತನ್ನ ಮಕ್ಕಳು ಆಡಿ ಬೇಸತ್ತ ವಿಡಿಯೋ ಗೇಮಿನ ಪೆಟ್ಟಿಗೆಯೊಂದನ್ನು ನಮಗೆ ಕೊಟ್ಟಿದ್ದ. ಅದರಲ್ಲಿ ಮನೆಮಂದಿಯೆಲ್ಲ ಸರದಿಯಲ್ಲಿ ಆಡುವ ಬೆಕ್ಕಿನ ಆಟವೊಂದಿದೆ. ಬೆಕ್ಕು ಕಾಣಿಸುವುದಿಲ್ಲ, ಯಾಕೆಂದರೆ ಆಡುವವರೇ ಬೆಕ್ಕು. ಅದಕ್ಕೆ ಕಂಡದ್ದಷ್ಟೇ ಟಿವಿಯಲ್ಲಿ ಕಾಣುತ್ತದೆ: ಮುಂದೆ ಎರಡು ಪಂಜ, ಮಂಚದ ಕೆಳಗಿನ ಕಸ, ಮನುಷ್ಯರೆಂದರೆ ಬರೀ ಕಾಲು. ಬೆಕ್ಕು ಮನೆಯಿಂದ ಹೊರಟು ರಸ್ತೆ ದಾಟಿ ಎದುರಿನ ಮೀನಿನ ಅಂಗಡಿ ಸೇರಬೇಕು. ತಡವಾದರೆ ಹಸಿವಾಗಿ ಕಣ್ಣು ಮಂಜಾಗುತ್ತದೆ. ನಾನು ಆಡಿದಾಗ ಯಾವ ಗುಂಡಿ ಒತ್ತಿದರೂ ಬೆಕ್ಕು ಕೂತು ಮುಖ ಒರೆಸಿಕೊಳ್ಳುತ್ತಿತ್ತು. "ಬೆಕ್ಕಾದ್ರೂ ನೀವು ನೀವೇ ಕಣ್ರೀ, ಕನ್ನಡಿ ಒಂದು ಕಮ್ಮಿ" ಎಂದಳು ನನ್ನ ಹೆಂಡತಿ ಸುಮಿತ್ರ.

ಭಾನುವಾರ ಸಂಜೆ ಸಿಂಚನ ಅಜ್ಜಿಯ ಕೈಗೆ ಆ ಆಟದ ರಿಮೋಟು ಕೊಟ್ಟು ಪಂಥ ಕಟ್ಟಿದಳು. "ಅಜ್ಜಿ, ಆ ರಸ್ತೇಲಿ ಒಬ್ಬ ಮನುಷ್ಯ ಅವ್ನೆ. ನೀನೇ ಬೆಕ್ಕಾಗಿ ಅವನಿಗೆ ಅಡ್ಡ ಹೋಗು. ಅವನಿಗೆ ಏನಾದ್ರೂ ಆದ್ರೆ ನಾಳೆ ಮರೀನ ನಾನೇ ಮಾವನ ಕೈಗೆ ಕೊಡ್ತೀನಿ. ಆಗ್ದಿದ್ರೆ ಅದು ಇಲ್ಲೇ ಇರ್ಬೇಕು." ಅವ್ವ ಒಪ್ಪಿದಳು. ಸೆರಗು ಬಿಗಿದು ಸೋಫಾದ ತುದಿಯಲ್ಲಿ ಕೂತಳು. ನನಗಿಂತ ಚೆನ್ನಾಗಿ ಮನೆಯಿಂದ ಇಳಿದು ರಸ್ತೆ ಬದಿಗೆ ಬಂದಳು. ಅಲ್ಲಿ ಬೂಟು ಹಾಕಿದ ಎರಡು ಕಾಲು, ಪಕ್ಕದಲ್ಲಿ ಒಂದು ಚೀಲ, ಒಂದು ಕೊಡೆ. ಅವ್ವ ನಿಂತುಬಿಟ್ಟಳು.

"ಹೋಗಜ್ಜಿ."

"ಎಂಗವ್ವ ಓಗಾದು? ಪಾಪ, ಚೀಲ ಇಡ್ಕಂಡು ಯಾವ್ದೋ ಕೆಲ್ಸಕ್ಕೆ ಒಂಟವ್ನೆ. ಮೊದ್ಲು ಅವ್ನು ಓಗ್ಲಿ ತಡಿ."

ಆಟದ ಗುಟ್ಟೇನೆಂದರೆ, ಬೆಕ್ಕು ನಡೆದರೆ ಮಾತ್ರ ಅವನೂ ನಡೆಯುತ್ತಾನೆ, ಬೆಕ್ಕು ನಿಂತರೆ ಅವನೂ ನಿಲ್ಲುತ್ತಾನೆ. ಅವ್ವ ಅವನಿಗಾಗಿ ಕಾದಳು, ಅವನು ಅವ್ವನಿಗಾಗಿ ಕಾದ. ಅಷ್ಟರಲ್ಲಿ ಸುಮಿತ್ರ ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬಂದಳು. ಇಬ್ಬರೂ ನಿಂತಲ್ಲೇ ಇದ್ದರು. ಇಡೀ ಲೋಕದಲ್ಲಿ ಮನುಷ್ಯನಿಗೆ ಅಪಶಕುನ ಆಗಬಾರದೆಂದು ದಾರಿಬಿಟ್ಟು ನಿಂತ ಬೆಕ್ಕು ಅದೊಂದೇ ಇರಬೇಕು. ಆಟ ಮಾಡಿದವರು ಇಂಥ ಬೆಕ್ಕು ಹುಟ್ಟೀತೆಂದು ಎಣಿಸಿರಲಿಲ್ಲ.

ಟಿವಿಯಲ್ಲಿ ಮೆಲ್ಲಗೆ ಮಂಜು ಕವಿಯತೊಡಗಿತು. "ಇದೇನವ್ವ, ಕಣ್ಣು ಕಾಣಾಕಿಲ್ವಲ್ಲ" ಎಂದಳು ಅವ್ವ. ಬೆಕ್ಕಿಗೆ ಹಸಿವಾಗಿದೆ, ಇನ್ನು ಸ್ವಲ್ಪ ಹೊತ್ತು ಹೀಗೇ ನಿಂತರೆ ಅದು ಬಿದ್ದುಹೋಗುತ್ತದೆ ಎಂದು ಸಿಂಚನ ಸಣ್ಣ ದನಿಯಲ್ಲಿ ಹೇಳಿದಳು. ಅವ್ವನ ಮುಖ ಬದಲಾಯಿತು. ಯಾರ ಹೊಟ್ಟೆ ಹಸಿದರೂ ಅವಳಿಗೆ ತಡೆಯುವುದಿಲ್ಲ.

"ಏನ್ಲಾ ಇವ್ನು, ಗರ ಬಡ್ದಂಗೆ ನಿಂತವ್ನೆ. ಅದು ಒಟ್ಟೆ ಅಸ್ಕಂಡು ಎಷ್ಟೊತ್ತಿಂದ ಕಾಯ್ತಾ ಅದೆ. ಇದು ಅವ್ನಿಗೆ ಅಡ್ಡ ಬಂದಿಲ್ಲ ಕಣವ್ವ, ಅವ್ನೇ ಇದಕ್ಕೆ ಅಡ್ಡ ಬಂದವ್ನೆ" ಎಂದವಳೇ ಗುಂಡಿ ಒತ್ತಿದಳು.

ಬೆಕ್ಕು ಆ ಎರಡು ಕಾಲುಗಳ ನಡುವೆಯೇ ನುಗ್ಗಿತು. ಕಾಲುಗಳು ತಡವರಿಸಿದವು. ಕೊಡೆ ಎತ್ತಲೋ ಹಾರಿತು, ಚೀಲದಿಂದ ಈರುಳ್ಳಿ ಉರುಳಿದವು, ಆ ಮನುಷ್ಯ ಅಂಗಾತ ಬಿದ್ದ. ಮಕ್ಕಳು ನಗಲೆಂದು ಆಟದಲ್ಲಿ ಹಾಗೆ ಇಟ್ಟಿದ್ದಾರೆ. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ಸಿಂಚನ ರಸ್ತೆ ಬದಿಯವರೆಗೆ ಆಡಿದ್ದಳೇ ಹೊರತು ಅವನನ್ನು ದಾಟಿರಲೇ ಇಲ್ಲವಂತೆ. ಅವಳು ಎದ್ದು ಮೂಲೆಯ ರಟ್ಟಿನ ಡಬ್ಬಿಯ ಹತ್ತಿರ ಹೋಗಿ ಮರಿಯ ಪಕ್ಕ ಕೂತಳು. ಪಂಥ ಸೋತಿದ್ದಳು. ಈಗಲಾದರೂ ಒಂದು ಮಾತು ಆಡೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವನೇ ಮಾತಾಡಿದಳು. ಕಣ್ಣು ಟಿವಿಯ ಮೇಲೆಯೇ ಇತ್ತು, ಬೆಕ್ಕು ಆಗಲೇ ಮೀನಿನ ಅಂಗಡಿಯ ಮೆಟ್ಟಿಲು ಹತ್ತಿತ್ತು.

"ಬೀಳ್ಲಿ ಬುಡು. ದಾರೀಲಿ ಅಂಗೆ ಅಡ್ಡ ನಿಂತ್ರೆ ಇನ್ನೇನಾದಾತು? ಮಿರ್ಲೆಗೆ ಫೋನ್ ಮಾಡ್ಲಾ, ಬರೋದು ಬ್ಯಾಡ ಅನ್ನು."

ಮಾಡಿದೆ. ಸಿಂಚನ ಅಜ್ಜಿಯನ್ನು ತಬ್ಬಿಕೊಂಡು ಅತ್ತಳು. ಆ ರಾತ್ರಿ ನಾನು ನೆಮ್ಮದಿಯಾಗಿ ಊಟ ಮಾಡಿದೆ. ನನ್ನಿಂದ ಏನೂ ಆಗದಿದ್ದರೂ ಆಗಬೇಕಾದ್ದು ಆಗಿತ್ತು, ನಮ್ಮ ಮನೆಯ ಪದ್ಧತಿಯೇ ಅದು.

ಮಾರನೆಯ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಅವಸರದಲ್ಲಿ ಅಂಗಳ ದಾಟುತ್ತಿದ್ದೆ. ಮರಿ ಹೊಸಿಲು ಇಳಿದು, ಬಾಲ ನೆಟ್ಟಗೆ ಮಾಡಿಕೊಂಡು, ಯಾವುದೋ ಘನವಾದ ಕೆಲಸಕ್ಕೆ ಹೊರಟಿತ್ತು. ನಾನು ಅದರ ಮುಂದೆಯೇ ಹಾದುಹೋದೆ. ಜಗಲಿಯ ಮೇಲೆ ಸೊಪ್ಪು ಸೋಸುತ್ತಿದ್ದ ಅವ್ವ "ಥೂ, ಒಂಟಾಗ್ಲೇ ಇವ್ನು ಅಡ್ಡ ಬಂದ್ಬುಟ್ನಲ್ಲ" ಎಂದಳು. ಅವಳು ಹೇಳಿದ್ದು ನನಗಲ್ಲ. ಮರಿಯನ್ನು ಎತ್ತಿ ಒಳಗೆ ಒಯ್ದು, ಬಟ್ಟಲಿಗೆ ಹಾಲು ಸುರಿದು, "ಒಂದ್ ಗಳಿಗೆ ಕುಂತ್ಕಂಡು, ಹಾಲು ಕುಡ್ದು ಆಮೇಲೆ ಓಗವ್ವ, ಒಳ್ಳೇದಾಯ್ತದೆ" ಎಂದಳು. ಅಪಶಕುನಗಳನ್ನು ನಂಬದ ನಾನು, ನಾನೇ ಒಂದು ಅಪಶಕುನವಾಗಿ ಅಂಗಳದ ನಡುವೆ ನಿಂತಿದ್ದೆ. ಮರಿ ಹಾಲು ಕುಡಿದು ಮೀಸೆ ನೆಕ್ಕಿಕೊಂಡಿತು. ಹೊಸಿಲವರೆಗೆ ಬಂದು, ನಾನು ಇನ್ನೂ ಅಲ್ಲೇ ಇರುವುದನ್ನು ನೋಡಿ, ತಿರುಗಿ ಹಿತ್ತಿಲ ಬಾಗಿಲಿನಿಂದ ಹೋಯಿತು.