ಇನ್ನೂರ ಅರವತ್ತು ಮೀಟರ್

ನನ್ನ ಸೋದರಮಾವನ ಜೊತೆ ಹತ್ತು ಕಿಲೋಮೀಟರ್ ಓಡುವುದು ಅಂಥ ಕಷ್ಟದ ಕೆಲಸವೇನಲ್ಲ. ಓಡಿದ್ದು ಹತ್ತು ಕಿಲೋಮೀಟರ್ ಎಂದು ಅವರನ್ನು ಒಪ್ಪಿಸುವುದಿದೆಯಲ್ಲ, ಅದಕ್ಕೆ ಬೇರೆಯೇ ದಮ್ಮು ಬೇಕು.

ಮಾಮಾ ಸರ್ವೇಯರ್ ಆಗಿದ್ದವರು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕುಗಳ ಹೊಲಗಳಲ್ಲಿ ಸರಪಳಿ ಎಳೆದೆಳೆದು ನಿವೃತ್ತರಾದರು. ಸರಪಳಿಯನ್ನು ಕಚೇರಿಗೆ ಒಪ್ಪಿಸಿ ಬಂದರೇ ಹೊರತು ಅಳತೆಯನ್ನು ಒಪ್ಪಿಸಿ ಬರಲಿಲ್ಲ. ನನ್ನ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ, ಹಂದರ ಒಂದೂವರೆ ಅಡಿ ವಾರೆಯಾಗಿದೆ ಎಂದು ನನ್ನ ಮಾವನವರ ಕಿವಿಯಲ್ಲಿ ಹೇಳಿದವರು ಇವರೇ. ಮಾವನವರು ಇಂದಿಗೂ ಆ ಮಾತು ಮರೆತಿಲ್ಲ.

ಜೇವರ್ಗಿಯಲ್ಲಿ ನಮ್ಮದೊಂದು ಓಟದ ಗುಂಪಿದೆ. ಎಂಟು ಜನ. ಬ್ಯಾಂಕಿನವರೊಬ್ಬರು, ಔಷಧಿ ಅಂಗಡಿಯವರೊಬ್ಬರು, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು, ಹೀಗೆ. ಬೆಳಿಗ್ಗೆ ನೆಲೋಗಿ ರಸ್ತೆಯಲ್ಲಿ ಒಂದು ಬೇವಿನ ಮರದವರೆಗೆ ಓಡಿ ಬರುವುದು. ಆ ಮರಕ್ಕೆ ಐದು ಕಿಲೋಮೀಟರ್ ಎಂದು ಯಾರೋ ಹೇಳಿದ್ದರು, ಎಲ್ಲರೂ ನಂಬಿದ್ದೆವು. ಸಕ್ಕರೆ ಕಾಯಿಲೆಗೆ ನಡೆಯಿರಿ ಎಂದು ಡಾಕ್ಟರು ಹೇಳಿದ ಮೇಲೆ ಮಾಮಾನನ್ನು ನಾನೇ ಗುಂಪಿಗೆ ಕರೆತಂದೆ. ತಪ್ಪು ನನ್ನದೇ.

ಮೊದಲ ದಿನ ಅವರು ಓಡಲಿಲ್ಲ. ಹಳೆಯ ಸೈಕಲ್ ಗಾಲಿಯೊಂದಕ್ಕೆ ಕೋಲು ಕಟ್ಟಿ, ಅದನ್ನು ಉರುಳಿಸುತ್ತ, ಸುತ್ತು ಎಣಿಸುತ್ತ ಬೇವಿನ ಮರದವರೆಗೆ ನಡೆದು ಹೋದರು. ಬಿಸಿಲೇರಿದ ಮೇಲೆ ಮರಳಿ ಬಂದು, ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು:

"ನಾಕು ಕಿಲೋಮೀಟರ್ ಏಳನೂರ ಅರವತ್ತು ಮೀಟರ್ ಅದರಿ."

ಬ್ಯಾಂಕಿನವರು ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಹಂಗಾರ ನಮ್ಮ ಎರಡ ವರ್ಷ ನೀರಾಗ ಹೋತಲ್ರಿ."

"ಎಲ್ಲಾ ಹೋಗಿಲ್ರಿ. ನೂರಕ್ಕ ಐದರಷ್ಟ ಹೋಗ್ಯಾದ," ಎಂದು ಮಾಮಾ ಸಮಾಧಾನ ಹೇಳಿದರು.

ಮರುದಿನ ಸರಿಯಾದ ಐದು ಕಿಲೋಮೀಟರಿಗೆ ಸುಣ್ಣದ ಗೆರೆ ಎಳೆದರು. ಅದು ಹೋಗಿ ಬಿದ್ದದ್ದು ಸ್ಮಶಾನದ ಗೇಟಿನ ಮುಂದೆ. ಬೆಳಿಗ್ಗೆ ಎದ್ದು ಓಡಿ ಓಡಿ ಸ್ಮಶಾನ ಮುಟ್ಟಿ ಬರುವುದು ಯಾರಿಗೆ ಚೆನ್ನಾಗಿರುತ್ತದೆ? ಗೆರೆಯನ್ನು ಹತ್ತು ಮಾರು ಈಚೆಗೆ ಸರಿಸಿ ಎಂದು ಔಷಧಿ ಅಂಗಡಿಯವರು ಕೈಮುಗಿದು ಕೇಳಿದರು. ಮಾಮಾ ಸ್ವಲ್ಪ ಯೋಚಿಸಿ ಹೇಳಿದರು: "ಸ್ಮಶಾನ ಸರಸ್ರಿ. ಗೆರಿ ಸರ್ಯಂಗಿಲ್ಲ."

ಈಗಲೂ ನಾವು ಅಲ್ಲಿಗೇ ಹೋಗಿ ತಿರುಗುತ್ತೇವೆ.

ಗುಂಪಿನಲ್ಲಿ ಮೂವರ ಬಳಿ ದೂರ ಅಳೆಯುವ ಕೈಗಡಿಯಾರಗಳಿವೆ. ಓಟ ಮುಗಿದ ಮೇಲೆ ಮೂರೂ ಮೂರು ದೂರ ತೋರಿಸುತ್ತವೆ. ಮಾಮಾ ಮೂರನ್ನೂ ತಾಳ್ಮೆಯಿಂದ ನೋಡುತ್ತಾರೆ, ಸುಳ್ಳು ಸಾಕ್ಷಿಗಳನ್ನು ಕೇಳುವ ಜಡ್ಜ್ ಸಾಹೇಬರ ಹಾಗೆ.

ಇಷ್ಟೆಲ್ಲ ಆದರೂ ಅವರು ಓಡುವುದನ್ನು ಕಲಿತರು. ಅರವತ್ತೇಳರ ವಯಸ್ಸಿನಲ್ಲಿ, ಮೈ ತುಸು ಎಡಕ್ಕೆ ವಾಲಿಸಿಕೊಂಡು, ಎಲ್ಲರಿಗಿಂತ ಹಿಂದೆ. ನನಗಂತೂ ಓಟ ಬೇರೆಯದೇ ಆಗಿತ್ತು. ಮೂರು ವರ್ಷದ ಹಿಂದೆ ಶಾಲೆಯ ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ಕೂರುತ್ತಿದ್ದವಳು ನಾನು. ಮಕ್ಕಳು ನನ್ನ ಪಕ್ಕದಿಂದ ದಾಟಿ ಹತ್ತಿ ಹೋಗುತ್ತಿದ್ದರು. ಈಗ ನಲವತ್ತಾರಕ್ಕೆ ನನಗೆ ಇದ್ದ ಆಸೆ ಒಂದೇ: ಹತ್ತು ಕಿಲೋಮೀಟರನ್ನು ಒಂದು ಗಂಟೆಯೊಳಗೆ ಓಡಬೇಕು. ಎಷ್ಟೇ ತಿಣುಕಿದರೂ ಗಂಟೆಯ ಮೇಲೆ ಒಂದೆರಡು ನಿಮಿಷ ಉಳಿದೇ ಉಳಿಯುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅಫಜಲಪುರ ತಾಲೂಕಿನ ಗೊಬ್ಬೂರದಲ್ಲಿ ಓಟದ ಸ್ಪರ್ಧೆ ಇಟ್ಟರು. ಊರಿನಿಂದ ಹೊರಟು ಕಲಬುರಗಿ ರಸ್ತೆಯಲ್ಲಿ ಐದು ಕಿಲೋಮೀಟರ್ ಹೋಗಿ ತಿರುಗಿ ಬರಬೇಕು. ಎಂಟೂ ಜನ ಹೆಸರು ಕೊಟ್ಟೆವು. ಮಾಮಾ ಮಾತ್ರ ಹಿಂದಿನ ದಿನವೇ ಗಾಲಿ ಹಿಡಿದು ಬಸ್ಸು ಹತ್ತಿದರು. ಕಂಡಕ್ಟರ್ ಗಾಲಿಗೂ ಟಿಕೆಟ್ ಕೇಳಿದನಂತೆ. ಸಂಜೆ ಗೊಬ್ಬೂರದಿಂದ ಫೋನ್ ಬಂತು.

"ತಿರುಗೂ ಜಾಗಾ ತಪ್ಪ್ಯಾದವ್ವ. ನೀರಿನ ಟೆಂಟಿಗೆ ನೆರಳ ಸಿಗಲಿ ಅಂತ ನೂರ ಮೂವತ್ತ ಮೀಟರ್ ಈಚೀಗೆ ಇಟ್ಟಾರ. ಹೋಗಿ ಬರೂದರಾಗ ಇನ್ನೂರ ಅರವತ್ತ ಕಮ್ಮಿ."

"ಅವರಿಗೆ ಹೇಳಿದ್ರೇನು?"

"ಹೇಳೇನಿ. ಸರ, ಹಬ್ಬ ಇದ್ದಂಗ ಅದ, ಓಡ್ರಿ ಸಾಕು ಅಂದ್ರು." ಹಾಗೇ ಮುಂದುವರಿಸಿದರು. "ಮುಗಿಯೂ ಗೆರಿ ದಾಟಿ ನಿಂದ್ರಬ್ಯಾಡ. ಮುಂದ ತೊಗರಿ ಹೊಲದ ಬದುವಿಗೆ ನಾ ಸುಣ್ಣ ಹಾಕೇನಿ. ಅಲ್ಲೀತನಕ ಓಡು."

"ಮಾಮಾ, ನಾಳೆ ಒಂದು ದಿನ ನನ್ನ ಬಿಟ್ಟುಬಿಡ್ರಿ," ಎಂದು ಫೋನ್ ಇಟ್ಟೆ.

ಮರುದಿನ ನಾನು ಎಂದೂ ಓಡದ ಹಾಗೆ ಓಡಿದೆ. ಎರಡೂ ಕಡೆ ತೊಗರಿ ಕಟಾವಿಗೆ ಬಂದಿತ್ತು, ತಣ್ಣಗೆ ಗಾಳಿಯಿತ್ತು. ಗೆರೆ ದಾಟಿದಾಗ ಐವತ್ತೊಂಬತ್ತು ನಿಮಿಷ ನಾಲ್ಕು ಸೆಕೆಂಡ್. ಕೊರಳಿಗೆ ಪದಕ ಬಿತ್ತು. ಔಷಧಿ ಅಂಗಡಿಯವರು ಫೋಟೋ ತೆಗೆದರು. ಬ್ಯಾಂಕಿನವರು "ಗಂಟಿ ಒಡದ್ರಲ್ರಿ ಟೀಚರ್" ಎಂದು ಊರಿಗೆಲ್ಲ ಕೇಳುವಂತೆ ಹೇಳಿದರು. ನಾನು ಮನೆಗೆ ಫೋನ್ ಮಾಡಿ ಅತ್ತುಬಿಟ್ಟೆ. ಆದರೆ ನಾನು ಗಣಿತದವಳು. ಬೇಡವೆಂದರೂ ತಲೆ ಲೆಕ್ಕ ಮಾಡಿ ಮುಗಿಸಿತ್ತು. ಇನ್ನೂರ ಅರವತ್ತು ಮೀಟರಿಗೆ ಇನ್ನೊಂದೂವರೆ ನಿಮಿಷದ ಮೇಲೆ ಬೇಕು. ಗಂಟೆ ಒಡೆದಿರಲಿಲ್ಲ.

ಎಲ್ಲರೂ ಗೆರೆಯ ಪಕ್ಕದ ಟೆಂಟಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಾಗ ಮಾಮಾ ಬಂದರು. ಕೊನೆಯವರು. ಜನ ಚಪ್ಪಾಳೆ ತಟ್ಟಿದರು. ಪದಕ ಹಿಡಿದು ನಿಂತಿದ್ದ ಹುಡುಗಿಯೊಬ್ಬಳು ಎರಡು ಹೆಜ್ಜೆ ಮುಂದೆ ಬಂದಳು. ಅವರು ಗೆರೆ ದಾಟಿದರು, ಅವಳಿಗೆ ತಲೆಬಾಗಿ ಕೈಮುಗಿದರು, ಮತ್ತೆ ಓಡುತ್ತ ಮುಂದೆ ಹೋದರು. ಹುಡುಗಿ ಪದಕ ಹಿಡಿದುಕೊಂಡೇ ಉಳಿದಳು.

"ಸರ, ಮುಗೀತ್ರಿ, ನಿಂದ್ರರಿ," ಎಂದು ಯಾರೋ ಕೂಗಿದರು. "ಅಜ್ಜಾಗ ತಲಿ ತಿರುಗ್ಯಾದೇನೋ," ಎಂದು ಇನ್ಯಾರೋ ಅಂದರು. ಟೆಂಟಿಗೆ ಟೆಂಟೇ ನಕ್ಕಿತು. ನಮ್ಮ ಗುಂಪಿನವರೂ ನಕ್ಕರು. ನಾನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಅವರ ಹಿಂದೆ ಹೋದೆ. ಪ್ರೀತಿಯಿಂದ ಹೋದೆ ಎಂದುಕೊಳ್ಳಬೇಡಿ. ಜಗಳ ಮಾಡಲು ಹೋದೆ.

ತೊಗರಿ ಹೊಲದ ಬದುವಿನಲ್ಲಿ ಸುಣ್ಣದ ಗೆರೆಯಿತ್ತು. ಅದನ್ನು ದಾಟಿ ಮಾಮಾ ಕಲ್ಲಿನ ಮೇಲೆ ಕುಳಿತಿದ್ದರು. ಎದೆ ಏರಿಳಿಯುತ್ತಿತ್ತು.

"ಇನ್ನೂರ ಅರವತ್ತು ಮೀಟರ್ ಕಮ್ಮಿ ಆದ್ರ ಯಾರ ಗಂಟು ಹೋಗ್ತದ, ಮಾಮಾ? ಯಾರಿಗೆ ಏನಾಗ್ತದ?"

ಅವರು ಉಸಿರು ಸರಿಹೋಗುವವರೆಗೆ ಕಾದರು. ಆಮೇಲೆ ನನ್ನನ್ನು ನೋಡದೆ, ಹೊಲ ನೋಡುತ್ತ ಹೇಳತೊಡಗಿದರು.

"ನಿಂಬರ್ಗಾದಾಗ ಒಂದ ಹೊಲ ಅಳೆಯಾಕ ಹೋಗಿದ್ದೆ. ಆಗಿನ್ನೂ ನೌಕರಿ ಹೊಸಾದು. ಬದುವಿನ ಜಗಳ. ಒಂದ ಕಡಿಂದ ಅಳದೆ. ತಿರುಗಿ ಇನ್ನೊಂದ ಕಡಿಂದ ಅಳೀಬೇಕಿತ್ತು. ಆಳಂದಕ್ಕ ಹೋಗೂ ಕಡೀ ಬಸ್ ಬರೂ ಹೊತ್ತಾಗಿತ್ತು. ಅಳೀಲಿಲ್ಲ. ಕಲ್ಲ ನೆಡಿಸಿ ಬಸ್ ಹತ್ತಿದೆ."

"ತಪ್ಪಾಗಿತ್ತೇನು?"

"ಆ ಹೊಲದಾಂವ ಬಸ್ಸಿನ ಹಿಂದ ಓಡಿ ಬಂದಾ. ಸರ, ಕಲ್ಲ ನನ್ನ ಹೊಲದಾಗ ಬಂದದರಿ, ಇನ್ನೊಮ್ಮೆ ನೋಡ್ರಿ ಅಂದಾ. ನಾ ಕಿಟಕಿ ಮುಚ್ಚಿದೆ. ಇಪ್ಪತ್ತ ವರ್ಷಾದ ಮ್ಯಾಲೆ ಅದೇ ಹೊಲ ಅಳೆಯೂ ಪಾಳಿ ನನಗೇ ಬಂತು. ಹನ್ನೊಂದ ಮಾರು ತಪ್ಪಿತ್ತವ್ವ. ಅವನ ಮಾತೇ ಖರೆ ಇತ್ತು. ಮನಿಗೆ ಹೋದೆ. ಅವಾ ತೀರಿಕೊಂಡಿದ್ದಾ. ಹೆಂಡತಿ ಇದ್ದಳು."

"ಏನಂದಳು?"

"ಬೈತಾಳ ಅನಕೊಂಡಿದ್ದೆ. ಬೈಲಿಲ್ಲ. ಊರೆಲ್ಲಾ ನನ್ನ ಗಂಡಗ ಸುಳ್ಳಗಾರ ಅಂತಿತ್ತು, ಸಾಯೂತನಕ ಅದೇ ಹೆಸರಿನಾಗ ಇದ್ದಾ, ಇದನ್ನ ನಾಕ ಮಂದಿ ಮುಂದ ಹೇಳ್ತೀರೇನ್ರಿ ಅಂದಳು. ಊರ ಮುಂದಿನ ಕಟ್ಟಿಗೆ ಹೋಗಿ ಎಲ್ಲಾರ ಮುಂದ ಹೇಳಿದೆ. ಕಲ್ಲನೂ ಕಿತ್ತಿಸಿ ಸರೀ ಜಾಗಾಕ್ಕ ನೆಡಿಸಿದೆ." ಬದುವಿನ ಸುಣ್ಣದ ಗೆರೆ ನೋಡುತ್ತ ಅಂದರು: "ಆದ್ರ ಕೇಳಬೇಕಾದಾಂವ ಇರಲಿಲ್ಲ."

ಇಷ್ಟು ವರ್ಷ ಅವರ ಅಳತೆ ಕಂಡು ನಾವು ಮನೆಮಂದಿಯೆಲ್ಲ ನಕ್ಕದ್ದು ಯಾವುದಕ್ಕೆ ಎಂದು ಅಂದು ಗೊತ್ತಾಯಿತು.

ಅವರು ಎಡಗಾಲನ್ನು ನೆಲಕ್ಕೆ ಊರದೆ ಎತ್ತಿ ಹಿಡಿದಿದ್ದರು. ಬಗ್ಗಿ ಬೂಟಿನ ದಾರ ಬಿಚ್ಚಿದೆ. "ಬ್ಯಾಡವ್ವ, ನೀ ಮುಟ್ಟಬ್ಯಾಡ," ಎಂದರು. ಬಿಡಲಿಲ್ಲ. ಹಿಮ್ಮಡಿಯ ಬೊಕ್ಕೆ ಒಡೆದು ಕಾಲುಚೀಲಕ್ಕೆ ರಕ್ತ ಅಂಟಿತ್ತು. ನನ್ನ ಬಾಟಲಿಯಲ್ಲಿದ್ದ ನೀರನ್ನು ಆ ಕಾಲಿನ ಮೇಲೆ ಸುರಿದೆ. ಅವರು ಕಣ್ಣು ಮುಚ್ಚಿಕೊಂಡರು.

ಅಷ್ಟರಲ್ಲಿ ಸ್ಪರ್ಧೆಯ ಕಡೆಯವನೊಬ್ಬ ಬೈಕಿನಲ್ಲಿ ಬಂದ. ಕೈಯಲ್ಲಿ ಕಾಗದವಿತ್ತು.

"ಅಜ್ಜಾ ದಾರಿ ತಪ್ಪ್ಯಾರೇನ್ರಿ?"

"ಇಲ್ರಿ. ಈಗ ಮುಟ್ಟಿದ್ರು," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಕಾಗದ ನೋಡಿದ. "ಮತ್ತ ನೀವು ಐವತ್ತೊಂಬತ್ತ ನಿಮಿಷದವರಲ್ರಿ?"

"ಅದನ್ನ ಹೊಡದ ಹಾಕ್ರಿ," ಎಂದೆ. "ನಾನೂ ಈಗೇ ಮುಟ್ಟಿದೆ."

ಬೈಕು ಹೊರಟು ಹೋಯಿತು. ಮಾಮಾ ಬರಿಗಾಲನ್ನು ಮಣ್ಣಿನ ಮೇಲೆ ಮೆಲ್ಲನೆ ಊರಿ, ನನ್ನ ಕಡೆ ಕೈ ಚಾಚಿದರು. ನಾನು ಎಬ್ಬಿಸಿದೆ. ಎದ್ದು ನಿಂತ ಮೇಲೂ, ಟೆಂಟು ಬರುವವರೆಗೂ, ಆ ಕೈ ಬಿಡಲಿಲ್ಲ.