ನಮ್ಮ ಬೀಗರ ದಿಮ್ಮಿ ಮನೆ

ನಮ್ಮ ಬೀಗರಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ, ನೋಡಿ ನೋಡಿ ಅಂಥ ಮನೆಗೆ ಮಗಳನ್ನು ಕೊಟ್ಟವಳು ನೀನೇ ಅಲ್ಲವೇ ಎಂದು ನೀವು ನನ್ನನ್ನೇ ಹಿಡಿಯುತ್ತೀರಿ. ಅದಕ್ಕೇ ನಡೆದದ್ದನ್ನಷ್ಟೇ ಹೇಳುತ್ತೇನೆ. ತಲೆಯ ವಿಚಾರ ನೀವೇ ತೀರ್ಮಾನ ಮಾಡಿಕೊಳ್ಳಿ.

ಬೀಗರೆಂದರೆ ನನ್ನ ಅಳಿಯನ ತಂದೆ. ಕುವೈತಿಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಮೀನಾ ಅಬ್ದುಲ್ಲಾದ ಎಣ್ಣೆ ಕಾರ್ಖಾನೆಗಳ ಕಡೆ ಒಂದು ಕಂತ್ರಾಟು ಕಂಪನಿಯಲ್ಲಿ ಪೈಪು ಜೋಡಿಸುವ ಕೆಲಸ. ಅಷ್ಟೂ ವರ್ಷ ಇದ್ದದ್ದು ಕಂಪನಿಯ ಕ್ಯಾಂಪಿನಲ್ಲಿ, ಒಂದು ಖೋಲಿಯಲ್ಲಿ ಎಂಟು ಜನ, ಒಂದರ ಮೇಲೊಂದು ಮಂಚ. ಮಗನಿಗೂ ಅದೇ ದೇಶದಲ್ಲಿ ಒಳ್ಳೆಯ ನೌಕರಿ ಸಿಕ್ಕು, ಮೈದಾನ್ ಹವಲ್ಲಿಯಲ್ಲಿ ಫ್ಲ್ಯಾಟು ಹಿಡಿದ ಮೇಲೆ ತಂದೆಯನ್ನು ಕರೆತಂದು ಒಂದು ಕೋಣೆ ಬಿಟ್ಟುಕೊಟ್ಟ. ನಾನು ಮಗಳ ಬಾಣಂತನಕ್ಕೆಂದು ಹೋದವಳು, ಕೂಸು ಹೆಜ್ಜೆ ಇಡುವವರೆಗೂ ಅಲ್ಲೇ ಉಳಿದೆ. ಒಂದೇ ಸೂರಿನ ಕೆಳಗೆ ಬೀಗರೊಂದಿಗೆ ಇರುವುದೆಂದರೆ ಏನು ಎಂದು ಆಗ ತಿಳಿಯಿತು.

ಮೊದಲು ಟವೆಲಿನ ಸಂಗತಿ ಕೇಳಿ. ಬೆಳಗ್ಗೆ ಎದ್ದ ಕೂಡಲೇ ಬೀಗರು ತಮ್ಮ ಟವೆಲನ್ನು ಬಚ್ಚಲಿನ ಬಾಗಿಲ ಹಿಡಿಕೆಗೆ ತೂಗುಹಾಕಿ ಬರುತ್ತಿದ್ದರು. ಸ್ನಾನಕ್ಕಲ್ಲ! ಸ್ನಾನ ಇನ್ನೆಷ್ಟೋ ಹೊತ್ತಿಗೆ. ಒಣಗಲು ಹಾಕಿದ್ದಾರೆಂದು ತಿಳಿದು ನಾನು ಅದನ್ನು ತೆಗೆದು ಹಗ್ಗಕ್ಕೆ ಹಾಕಿ ಒಳಗೆ ಹೋದೆ. ಮಿಂದು ಹೊರಗೆ ಬರುತ್ತೇನೆ, ಬಕೆಟ್ಟು ಹಿಡಿದು ನಿಂತಿದ್ದಾರೆ.

"ಬೀಗತ್ಯಾರ, ಪಾಳಿ ನಂದಿತ್ರಿ," ಎಂದರು. ಸಿಟ್ಟಿನಿಂದಲ್ಲ, ಪಂಚಾಯಿತಿಯಲ್ಲಿ ನ್ಯಾಯ ಹೇಳುವವರಂತೆ.

"ಪಾಳಿ ಹಚ್ಚಾಕ ಇದೇನ ಬಸ್ ಸ್ಟ್ಯಾಂಡ್ ಏನ್ರಿ? ಮನ್ಯಾಗ ಇರೂದ ನಾಕ ಮಂದಿ," ಎಂದೆ.

ಮರುದಿನ ನೋಡಿದರೆ ಅವರ ಟವೆಲು ಮತ್ತೆ ಅಲ್ಲೇ. ಅದರ ಹಿಂದೆ ನನ್ನ ಟವೆಲು! ನನ್ನದು ಎರಡನೆಯ ಪಾಳಿಯಂತೆ. ಉಪಕಾರ ಮಾಡಿದ್ದರು.

ಇನ್ನು ಮಂಚ. ಮಗಳು ಮಾವನಿಗೆಂದು ಅಗಲವಾದ ಮಂಚ, ಕನ್ನಡಿ ಇರುವ ಕಪಾಟು ಎಲ್ಲ ತರಿಸಿದ್ದಳು. ಕಪಾಟು ಖಾಲಿ. ಬೀಗರ ಸಾಮಾನೆಲ್ಲ ಮಂಚದ ಕೆಳಗೆ ಟ್ರಂಕಿನಲ್ಲಿ, ಟ್ರಂಕಿಗೆ ಕೀಲಿ, ಕೀಲಿ ಉಡದಾರದಲ್ಲಿ. ಒಳಗೇನು ಬಂಗಾರವೇ? ಒಂದು ಸಾಬೂನು, ಮೊಳೆಯಿಂದ ಹೆಸರು ಕೊರೆದ ಚಮಚ, ಶೇಂಗಾ ಚಟ್ನಿಯ ಡಬ್ಬಿ! ನಾನೇ ಕುಟ್ಟಿದ ಚಟ್ನಿಯನ್ನು ನನ್ನಿಂದಲೇ ಕೀಲಿ ಹಾಕಿ ಕಾಯುವುದೆಂದರೆ ಸಿಟ್ಟು ಬರುವುದೋ ಇಲ್ಲವೋ, ನೀವೇ ಹೇಳಿ.

ಅದೂ ಹೋಗಲಿ. ಮಂಚದಿಂದ ಏಳುವಾಗ ಈ ಮನುಷ್ಯ ಕುತ್ತಿಗೆ ತಗ್ಗಿಸಿ, ಸೊಂಟ ಬಗ್ಗಿಸಿ, ಪಕ್ಕಕ್ಕೆ ಜಾರಿ, ಆಮೇಲೆ ನೆಟ್ಟಗಾಗುತ್ತಿದ್ದರು. ಬೆನ್ನು ಹಿಡಿದಿರಬೇಕೆಂದು ನಾನು ಎಣ್ಣೆ ಕಾಯಿಸಿಕೊಂಡು ಬಂದೆ. ಅಳಿಯ ನಕ್ಕುಬಿಟ್ಟ. ಬೆನ್ನಲ್ಲವಂತೆ, ಮೇಲಿನ ಮಂಚ ತಲೆಗೆ ಬಡಿಯದಿರಲಿ ಎಂದಂತೆ! ಮೇಲಿನ ಮಂಚ ಎಲ್ಲಿದೆ? ಮೇಲೆ ಇದ್ದದ್ದು ಫ್ಯಾನು ಮಾತ್ರ. ಕಾಯಿಸಿದ ಎಣ್ಣೆ ದಂಡವಾಗಬಾರದೆಂದು ನನ್ನ ಮಂಡಿಗೆ ತಿಕ್ಕಿಕೊಂಡು ಸುಮ್ಮನಾದೆ.

ಸುಮ್ಮನಾಗಲು ಆಗದೇ ಇದ್ದದ್ದು ಮಂದಿ ಬಂದ ದಿನ. ನನ್ನ ತವರಿನ ಕಡೆಯವರು ಕುವೈತಿನಲ್ಲೇ ಎಗೈಲಾದಲ್ಲಿದ್ದರು, ಕೂಸನ್ನು ನೋಡಲು ಬಂದರು. ಅವರು ಒಳಗೆ ಕಾಲಿಟ್ಟದ್ದೇ ತಡ, ಬೀಗರು ಚಪ್ಪಲಿ ಮೆಟ್ಟಿಕೊಂಡು ಹೊರಗೆ! ಗ್ಯಾಲರಿಯಿಂದ ಬಗ್ಗಿ ನೋಡಿದರೆ ಆ ಬಿಸಿಲಿನಲ್ಲಿ ಕಟ್ಟಡವನ್ನು ಪ್ರದಕ್ಷಿಣೆ ಹಾಕುತ್ತಿದ್ದಾರೆ. ಬಂದವರು ಚಹಾ ಕುಡಿದು ಹೋದ ಮೇಲೇ ಬೆವರು ಸುರಿಸುತ್ತ ಒಳಗೆ ಬಂದರು. ಕೇಳಿದರೆ, ಕ್ಯಾಂಪಿನಲ್ಲಿ ಒಬ್ಬನ ಮಂದಿ ಬಂದಾಗ ಉಳಿದವರು ಎದ್ದು ಹೊರಗೆ ಹೋಗಿ ಜಾಗ ಮಾಡಿಕೊಡುವುದು ರೂಢಿಯಂತೆ. ಇವರಿಗೇನೋ ರೂಢಿ. ನಮ್ಮ ಊರಿಗೆ ಆಗಲೇ ಫೋನು ಹೋಗಿತ್ತು, ಬೀಗರಿಗೂ ನನಗೂ ಮಾತು ಬಿಟ್ಟಿದೆ ಎಂದು!

ಇಂಥವರು ಒಂದು ದಿನ ಊಟಕ್ಕೆ ಕುಳಿತು, ರೊಟ್ಟಿ ಮುರಿಯುತ್ತ, ನಾನೊಂದು ಮನೆ ಕೊಳ್ಳುವವನಿದ್ದೇನೆ ಎಂದರು. ಊರ ಕಡೆ ಏನೋ ನೋಡಿದ್ದಾರೆಂದು ನಾವು ತಿಳಿದೆವು. ಊರಲ್ಲಲ್ಲ, ಇಲ್ಲೇ ಎಂದರು. ಪರದೇಶದವರಿಗೆ ಗೇಣು ನೆಲ ಕೊಡದ ದೇಶದಲ್ಲಿ! ಅಳಿಯನಿಗೆ ನೆತ್ತಿ ಹತ್ತಿ, ಮಗಳು ನೀರು ಕೊಟ್ಟಳು.

"ನೆಲಾ ಯಾರು ಕೊಳ್ತಾರು? ಮನಿ ಅಷ್ಟ," ಎಂದರು ಬೀಗರು.

ಆಗ ಸಂಗತಿ ಹೊರಗೆ ಬಂತು. ಕಂಪನಿಯಲ್ಲಿ ಮೊದಲು ಅವರ ಮೇಲಿದ್ದ ಅರಬ್ ಸಾಹೇಬರದು ವಫ್ರಾದಲ್ಲಿ ಒಂದು ತೋಟ. ಆ ಸಾಹೇಬರು ಮಕ್ಕಳು ಸಣ್ಣವರಿದ್ದಾಗ ಯಾವುದೋ ಚಳಿ ದೇಶದಿಂದ ಮರದ ದಿಮ್ಮಿಗಳ ಒಂದು ಮನೆ ತರಿಸಿ ತೋಟದ ಮೂಲೆಯಲ್ಲಿ ನಿಲ್ಲಿಸಿದ್ದರಂತೆ. ಗೋಡೆ ಕಟ್ಟುವುದಿಲ್ಲ, ದಿಮ್ಮಿಯ ಮೇಲೆ ದಿಮ್ಮಿ ಇಟ್ಟು ಮೂಲೆಯಲ್ಲಿ ಕಚ್ಚು ಹಾಕುವುದು. ಮಕ್ಕಳು ದೊಡ್ಡವರಾದರು, ಮನೆ ಹಾಳು ಬಿತ್ತು. ಈ ಸಲ ಚಳಿಗಾಲದಲ್ಲಿ ಅದನ್ನು ಒಡೆದು, ಮರಳುಗಾಡಿನ ಡೇರೆಗಳಿಗೆ ಉರುವಲು ಮಾಡುವುದೆಂದು ಸಾಹೇಬರು ಹೇಳಿದಾಗ, ನಮ್ಮ ಬೀಗರು ಬಾಯಿ ಹಾಕಿ, ನನಗೇ ಕೊಡಿ ಎಂದಿದ್ದರು. ಸಾಹೇಬರು ನಕ್ಕು, ತಿಳಿದಷ್ಟು ಕೊಟ್ಟು ತೆಗೆದುಕೋ, ನೀನು ಈ ದೇಶದಲ್ಲಿರುವವರೆಗೆ ಅಲ್ಲೇ ನಿಂತಿರಲಿ ಎಂದರಂತೆ. ರಿಪೇರಿ ನಿನ್ನದು. ಶುಕ್ರವಾರ ಉತ್ತರ ಹೇಳು, ಇಲ್ಲದಿದ್ದರೆ ಕೊಡಲಿ ಹಾಕಿಸುತ್ತೇನೆ ಎಂದೂ ಹೇಳಿದ್ದರಂತೆ.

ನೀನು ಇರುವವರೆಗೆ! ಬೀಗರ ಇಕಾಮಾ, ಅಂದರೆ ಆ ದೇಶದಲ್ಲಿ ಇರುವ ಪರವಾನಗಿ, ಮುಗಿಯಲು ಉಳಿದದ್ದು ಒಂದೇ ವರ್ಷ. ಅದು ಮುಗಿದರೆ ಖಲಾಸ್, ಊರಿಗೆ ಗಂಟು ಕಟ್ಟಬೇಕು. ಒಂದು ವರ್ಷಕ್ಕಾಗಿ, ಮುರುಕು ಮನೆ, ಮಂದಿಯ ನೆಲದ ಮೇಲೆ! ಊರಿನಲ್ಲಿ ಸ್ವಂತ ದುಡ್ಡಿನಿಂದ ಕಟ್ಟಿಸಿದ ಸ್ಲ್ಯಾಬಿನ ಮನೆ ಇಲ್ಲವೇ ಎಂದು ನಾನು ಜೋರು ಮಾಡಿದೆ.

ಅದಕ್ಕೆ ಅವರು ಹೇಳಿದ್ದು ಇಷ್ಟು. ರಜೆಗೆ ಊರಿಗೆ ಹೋದರೆ ಹೆಂಡತಿ ಬಾಗಿಲಲ್ಲೇ ತಂಬಿಗೆ ನೀರು ಕೊಡುತ್ತಾಳೆ, ಹೊಸ ಜಮಖಾನೆ ಹಾಸುತ್ತಾಳೆ. ಅವರದೇ ನಾಯಿ ಅವರನ್ನು ಬೊಗಳುತ್ತದೆ. ಓಣಿಯವರು ಯಾವಾಗ ಬಂದಿರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಯಾವಾಗ ಹೊರಡುತ್ತೀರಿ ಎಂದು ಕೇಳುತ್ತಾರೆ.

"ಅಲ್ಲೂ ನಾ ಬಂದಾವ್ರಿ, ಇಲ್ಲೂ ನಾ ಬಂದಾವ್ರಿ," ಎಂದರು. "ನನ್ನ ಬಾಗಲದಾಗ ನಿಂತು ಒಬ್ಬರಿಗೆ 'ಬರ್ರಿ' ಅನ್ಬೇಕಂತ ಆಸೆ ಐತ್ರಿ. ಇಲ್ಲಿಂದ ಹೋಗೂದ್ರೊಳಗ."

ಎರಡಕ್ಷರದ ಮಾತಿಗೆ ಒಂದು ಇಡೀ ಮನೆ! 'ಬರ್ರಿ' ಎನ್ನಲು ಬಾಯಿ ಸಾಲದೇ?

ಅಳಿಯ ಊರಿಗೆ ಫೋನು ಹಚ್ಚಿ ತಾಯಿಯ ಮುಂದೆ ಎಲ್ಲ ಹೇಳಿದ. ಆ ನಮ್ಮ ಬೀಗತಿ ಬಲು ಜಾಣೆ. ಹಾಗೂ ಅನ್ನಲಿಲ್ಲ, ಹೀಗೂ ಅನ್ನಲಿಲ್ಲ. "ಅಲ್ಲಿ ಬೀಗತಿ ಅದಾರಲ್ಲ, ಅವರು ನೋಡಿ ಬರ್ಲಿ. ಅವರು ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ," ಎಂದು ಫೋನು ಇಟ್ಟಳು. ಯಾಕೆ ಗೊತ್ತೇ? ನಿಶ್ಚಯದ ದಿನ ಅವರು ತಂದ ಸೀರೆಯನ್ನು ನಾಲ್ಕು ಜನರ ಮುಂದೆ ಬೆಳಕಿಗೆ ಹಿಡಿದು, ಅಂಚಿನಲ್ಲಿ ಎಳೆ ಬಿಟ್ಟದ್ದನ್ನು ಎತ್ತಿ ತೋರಿಸಿದವಳು ನಾನು. ಈ ಕಣ್ಣಿಗೆ ಬಿದ್ದ ಮೇಲೆ ಯಾವ ಮನೆ ಉಳಿದೀತು? ಬೀಗರ ಮುಖ ಅಲ್ಲೇ ಸಣ್ಣದಾಯಿತು. ನನಗೂ ಒಳಗೊಳಗೇ ಹುರುಪು ಬಂತು ಅನ್ನಿ.

ಶುಕ್ರವಾರ ಅಳಿಯನ ಕಾರಿನಲ್ಲಿ ಹೊರಟೆವು. ಬೀಗರು ಇಸ್ತ್ರಿ ಅಂಗಿ ಹಾಕಿ, ಕುತ್ತಿಗೆಯವರೆಗೆ ಗುಂಡಿ ಹಚ್ಚಿ, ಇದ್ದ ನಾಲ್ಕು ಕೂದಲಿಗೆ ಎಣ್ಣೆ ಹಾಕಿದ್ದರು. ಕನ್ಯೆ ನೋಡಲು ಹೊರಟ ವರನಿಗೂ ಅಷ್ಟು ಉಮೇದಿ ಇರುವುದಿಲ್ಲ. ಮೀನಾ ಅಬ್ದುಲ್ಲಾದ ಚಿಮಣಿಗಳು ಹಿಂದಾದವು, ಆಮೇಲೆ ಬರೀ ಉಸುಕು, ಆಮೇಲೆ ತೋಟಗಳ ಬೇಲಿ.

ಕನ್ಯೆಯನ್ನು ನೋಡಿದೆ. ಏನೆಂದು ಹೇಳಲಿ? ಮಾಡಿನ ತಗಡು ಒಂದು ಕಡೆ ಎದ್ದು ಗಾಳಿಗೆ ಪಟಪಟ ಬಡಿಯುತ್ತಿತ್ತು. ಒಂದೇ ಬಿಜಾಗರಿಗೆ ಜೋತುಬಿದ್ದ ಬಾಗಿಲು. ಚಳಿ ದೇಶದ ಮರ ಈ ಬಿಸಿಲಿಗೆ ಒಣಗಿ, ದಿಮ್ಮಿ ದಿಮ್ಮಿಗಳ ನಡುವೆ ನನ್ನ ಎರಡು ಬೆರಳು ಹೋಗುವಷ್ಟು ಸಂದು. ಹೀಗೆ ಆಚೆಯಿಂದ ಈಚೆ ಕಾಣುವುದಕ್ಕೆ ಮನೆ ಎನ್ನುತ್ತಾರೋ, ಬೇಲಿ ಎನ್ನುತ್ತಾರೋ?

"ಗಾಳಿ ಆಡ್ತೈತ್ರಿ," ಎಂದರು ಬೀಗರು.

ಆ ದೇಶದಲ್ಲಿ ಗಾಳಿ ಒಂದೇ ಎಲ್ಲಿ ಬರುತ್ತದೆ? ಜೊತೆಗೆ ಬುಟ್ಟಿಗಟ್ಟಲೆ ಉಸುಕು ಹೊತ್ತು ತರುತ್ತದೆ. ಒಳಗೆ ಹೋದರೆ ಎಲ್ಲೆಲ್ಲೂ ಪಾರಿವಾಳದ ಹಿಕ್ಕೆ, ನೆಲಹಾಸಿನ ಹಲಗೆ ನಡುವೆ ಕುಸಿದಿತ್ತು. ಅಷ್ಟು ಕಡೆ ಮಾತ್ರ ಕೆಟ್ಟಿದೆ, ಉಳಿದದ್ದು ಗಟ್ಟಿ ಎಂದು ಬೀಗರು ಕಾಲಿನಿಂದ ತಟ್ಟಿ ತೋರಿಸಿದರು. ಅವರು ತೋರಿಸಿದ ಗಟ್ಟಿ ಹಲಗೆಯ ಮೇಲೆಯೇ ನಾನು ಹೆಜ್ಜೆ ಇಟ್ಟೆ. ಪಾದ ಸೀದಾ ಕೆಳಗೆ ಹೋಯಿತು! ಅಳಿಯ ರೆಟ್ಟೆ ಹಿಡಿದು ಎಳೆದ. ಆ ಮನೆಯಲ್ಲಿ ಗಟ್ಟಿ ಇದ್ದದ್ದು ನನ್ನ ಕಾಲೊಂದೇ.

ನಾನು ಕುಂಟುತ್ತ ಹೊರಗೆ ಬಂದು ಬಾಯಿ ಬಿಟ್ಟೆ. ಒಂದನ್ನೂ ಬಿಡಲಿಲ್ಲ. ತಗಡು, ಬಾಗಿಲು, ಸಂದು, ಹಿಕ್ಕೆ, ಹಲಗೆ. ಬೀಗರು ತಲೆ ತಗ್ಗಿಸಿ ಕೇಳಿಸಿಕೊಂಡರು. ಕೊನೆಗೆ, "ಎಲ್ಲಾ ಸರಿ ಮಾಡಿಸಿದ್ರೂ ಮನಿ ನಿಮ್ದು, ನೆಲಾ ಅವರದು. ನಾಳೆ ಆ ಸಾಹೇಬ್ರು ನೆಲಾ ಎತ್ತಕೊಂಡ ಹೋದ್ರ ಏನ್ ಮಾಡ್ತೀರಿ?" ಎಂದೆ.

"ನೆಲಾ ಯಾರೂ ಎತ್ತೂದಿಲ್ರಿ ಬೀಗತ್ಯಾರ," ಎಂದರು. "ನಮ್ಮನ್ನ ಎತ್ತತಾರ."

ನನಗೆ ಇನ್ನಷ್ಟು ಸಿಟ್ಟು ಬಂತು. ಬೇಡವೆಂದರೆ ಬೇಡ, ಕೊಡಲಿ ಹಾಕಿಕೊಳ್ಳಲು ಹೇಳಿರಿ ಎಂದು ಕಾರಿನ ಕಡೆ ತಿರುಗಿದೆ. ಅವರು ವಾದಿಸಲಿಲ್ಲ. ಒಂದೇ ಒಂದು ಕೇಳಿಕೊಂಡರು. ತಾವು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರಂತೆ, ನಾನು ಒಂದು ಸಲ ಬಡಿಯಬೇಕಂತೆ. ಆಮೇಲೆ ಹೋಗೋಣವಂತೆ.

ಈ ವಯಸ್ಸಿನಲ್ಲಿ, ಉರಿಯುವ ಪಾದ ಇಟ್ಟುಕೊಂಡು, ಹಾಳು ಮನೆಯ ಬಾಗಿಲು ಬಡಿಯುವುದು! ಅಳಿಯನ ಮುಖ ನೋಡಿದೆ. ಅವನು ಕಾರಿನ ಗಾಜು ಒರೆಸತೊಡಗಿದ. ಹೋಗಿ ಬಡಿದೆ. ಬಾಗಿಲು ತೆರೆಯಲಿಲ್ಲ. ಒಳಗೆ ಏನನ್ನೋ ಸರಿಸುವ, ಜಾಡಿಸುವ ಸದ್ದು. ಮತ್ತೆ ಬಡಿದೆ.

"ಯಾರದು?" ಎಂಬ ದನಿ ಬಂತು. ಯಾರೆಂದು ಗೊತ್ತಿಲ್ಲದವರಂತೆ!

"ನಿಮ್ಮ ಸೊಸಿ ಅವ್ವ," ಎಂದೆ ಹಲ್ಲು ಕಚ್ಚಿ.

ಬಾಗಿಲನ್ನು ಎರಡೂ ಕೈಯಿಂದ ಎತ್ತಿ ಸರಿಸಿ, ನಡುವೆ ನಿಂತರು. "ಬರ್ರಿ ಬೀಗತ್ಯಾರ. ಒಳಗ ಬರ್ರಿ. ಕೂಡ್ರಿ."

ಅಷ್ಟು ದಿನ ಒಂದೇ ಮನೆಯಲ್ಲಿದ್ದರೂ ಆ ದನಿ ನಾನು ಕೇಳಿರಲಿಲ್ಲ. ಒಳಗೆ ಹೋದೆ. ಒಂದು ಹಲಗೆಯನ್ನು ಒರೆಸಿ, ಮೇಲೆ ತಮ್ಮ ಕರವಸ್ತ್ರ ಹಾಸಿದ್ದರು. ಕುಳಿತೆ. ಬಾಟಲಿಯ ನೀರನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಕುಡಿದೆ. ಆಮೇಲೆ ಬೀಗರು ಹಾಗೇ ನಿಂತುಬಿಟ್ಟರು. ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದು. ಬಂದವರು ನೀರು ಕುಡಿದ ಮೇಲೆ ಮನೆಯವರು ಏನು ಅನ್ನಬೇಕು, ಅದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ.

"'ಉಂಡ ಹೋಗ್ರಿ' ಅನ್ಬೇಕ್ರಿ ಬೀಗರ," ಎಂದೆ.

"ಉಂಡ ಹೋಗ್ರಿ," ಎಂದರು ಮೆಲ್ಲಗೆ.

ಹೊರಗೆ ಅಳಿಯ ಹಾರ್ನ್ ಒತ್ತಿದ. ನಾನು ಏಳಲಿಲ್ಲ.

"ಉಣ್ಣಾಕ ಅಡಗಿ ಎಲ್ಲಿ ಮಾಡೂದು?" ಎಂದೆ. "ಒಲಿ ಎಲ್ಲಿ ಇಡ್ತೀರಿ, ಅದನ್ನ ಮೊದಲ ತೋರಸ್ರಿ."